ಮೊಣಕಾಲೂರುವ ಕಾಲು

ನನ್ನ ಹೆಂಡತಿ ಕಾಲು ಮಾಡುತ್ತಾಳೆ. ಬಸ್ಸಿನಲ್ಲೋ ಮದುವೆಮನೆಯಲ್ಲೋ ಯಾರಾದರೂ "ನಿಮ್ಮ ಮನೆಯವರು ಏನು ಕೆಲಸದಲ್ಲಿದ್ದಾರೆ?" ಎಂದು ಕೇಳಿದರೆ ಇಷ್ಟೇ ಹೇಳಿ ಸುಮ್ಮನಾಗುತ್ತೇನೆ. ಮಂಚದ ಕಾಲು, ಕುರ್ಚಿಯ ಕಾಲು ಎಲ್ಲವೂ ಎದುರಿನವರ ಮುಖದಲ್ಲಿ ಒಂದೊಂದಾಗಿ ಹಾದುಹೋಗಲು ಬಿಟ್ಟು ಆಮೇಲೆ "ಮನುಷ್ಯರ ಕಾಲು" ಎನ್ನುತ್ತೇನೆ. ಆಗ ಅವರು ತಮಗೆ ಗೊತ್ತಿಲ್ಲದಂತೆ ಒಮ್ಮೆ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಾರೆ. ಆ ಗಳಿಗೆಗಾಗಿಯೇ ನಾನು ಕಾದಿರುತ್ತೇನೆ.

ಆಸ್ಪತ್ರೆಯ ಹಿಂಭಾಗದಲ್ಲಿ, ಎಕ್ಸ್‌ರೇ ಕೋಣೆ ದಾಟಿದ ಮೇಲೆ ಅವಳ ವರ್ಕ್‌ಶಾಪ್. ಒಂದು ಗೋಡೆಯುದ್ದಕ್ಕೂ ಪ್ಲಾಸ್ಟರಿನ ಅಚ್ಚುಗಳು. ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಒದ್ದೆ ಬಟ್ಟೆಯಷ್ಟು ಮೆತ್ತಗೆ ಮಾಡುವ ದೊಡ್ಡ ಒಲೆ. ನಡುವೆ ಹಿಡಿದುಕೊಂಡು ನಡೆಯಲು ಎರಡು ಸರಳು, ಅವುಗಳ ತುದಿಗೆ ಆಳೆತ್ತರದ ಕನ್ನಡಿ. ನಾನು ಅದೇ ಆಸ್ಪತ್ರೆಯ ವ್ಯಾನ್ ಓಡಿಸುತ್ತೇನೆ. ಕಾಲು ಕಳೆದುಕೊಂಡವರನ್ನು ಮನೆಯಿಂದ ಕರೆತರುವುದು ನನ್ನ ಕೆಲಸ. ಕಾಲು ಬಂದ ಮೇಲೆ ಅವರಿಗೆ ನಾನು ಬೇಕಾಗುವುದಿಲ್ಲ. "ಗಂಡನ ಸವಾರಿಗಳನ್ನೆಲ್ಲ ಒಬ್ಬೊಬ್ಬರಾಗಿ ಕಿತ್ಕೊಳ್ಳೋ ಹೆಂಡ್ತಿ ನಿಂದು" ಎಂದು ಅಮ್ಮ ನಗುತ್ತಾಳೆ.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಮದುವೆಯಾದ ಹೊಸತರಿಂದ ತಲೆ ನರೆಯುವವರೆಗೆ ಊರಿನವರ ಮಾತನ್ನೆಲ್ಲ ಇವರಿಂದ ಅವರಿಗೆ ದಾಟಿಸಿದ್ದಾಳೆ. ಈಗ ಸಂಜೆ ಅಡುಗೆಮನೆಯ ಮೇಜಿಗೆ ಕೂತು ಬೈಬಲನ್ನು ಗಟ್ಟಿಯಾಗಿ ಓದುತ್ತಾಳೆ. ಹೆಂಡತಿ ತರಕಾರಿ ಹೆಚ್ಚುತ್ತಾ ಕೇಳುತ್ತಾಳೆ, ನಾನು ಪಾತ್ರೆ ತೊಳೆಯುತ್ತಾ ಇಬ್ಬರನ್ನೂ ಕೇಳುತ್ತೇನೆ. ನನ್ನ ಹೆಂಡತಿಗೆ ಸುಮ್ಮನೆ ಕೇಳಿ ಗೊತ್ತಿಲ್ಲ. ಪ್ರತಿ ಅಧ್ಯಾಯವನ್ನೂ ಕೈಹಿಡಿದು ತನ್ನ ವರ್ಕ್‌ಶಾಪಿಗೆ ಎಳೆದೊಯ್ಯುತ್ತಾಳೆ. ನೋಹನ ನಾವೆ ಬಂದರೆ, "ಒಳಗೂ ಹೊರಗೂ ರಾಳ ಬಳಿದಿದ್ದಾರಲ್ಲ ಅತ್ತೆ, ಒಣಗೋಕೆ ಎಷ್ಟು ದಿನ ಬಿಟ್ಟಿರ್ಬಹುದು?" ಎನ್ನುತ್ತಾಳೆ. ಭಾನುವಾರ ಆರಾಧನೆ ಮುಗಿದು ಚರ್ಚಿನ ಬಾಗಿಲಲ್ಲಿ ಎಲ್ಲರೂ ಸಭಾಪಾಲಕರ ಕೈಕುಲುಕಿ ಹೋಗುವಾಗ ಇವಳೊಬ್ಬಳು ನಿಂತುಬಿಡುತ್ತಾಳೆ. "ಪ್ರಸಂಗ ಚೆನ್ನಾಗಿತ್ತು ಅಯ್ಯನವರೇ. ಇದನ್ನ ಸೋಮವಾರ ಬೆಳಿಗ್ಗೆ ಕೆಲಸದಲ್ಲಿ ಏನು ಮಾಡ್ಲಿ?" ಪಾಪ, ಆ ಮನುಷ್ಯ ದೂರದಿಂದ ಇವಳನ್ನು ಕಂಡರೇ ಗಂಟಲು ಸರಿಮಾಡಿಕೊಳ್ಳುತ್ತಾರೆ.

ಒಂದು ಸಂಜೆ ಅಮ್ಮ ಮೆಫೀಬೋಶೆತನ ಕಥೆ ಓದಿದಳು. ಮಗುವಾಗಿದ್ದಾಗ ದಾದಿಯ ಕೈಯಿಂದ ಬಿದ್ದು ಎರಡೂ ಕಾಲು ಕುಂಟಾದವನು. ದಾವೀದ ರಾಜ ಅವನನ್ನು ಹುಡುಕಿ ಕರೆಸಿ, ಬದುಕಿರುವವರೆಗೂ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿದ.

"ಎಂಥಾ ದಯೆ ನೋಡಮ್ಮ" ಎಂದಳು ಅಮ್ಮ.

ಹೆಂಡತಿಯ ಚಾಕು ನಿಂತಿತು. "ದಯೆ ಸರಿ ಅತ್ತೆ. ಕೂರಿಸಿ ಊಟ ಹಾಕಿದ್ರು. ಆ ಕಾಲಿಗೊಂದು ಆಧಾರ ಮಾಡಿ ನಿಲ್ಲಿಸಿ ನೋಡೋಣ ಅಂತ ಇಡೀ ಅರಮನೆಯಲ್ಲಿ ಒಬ್ಬರಿಗೂ ಹೊಳೀಲಿಲ್ವಾ?"

"ಆಗ ನೀನಿರ್ಲಿಲ್ವಲ್ಲಮ್ಮ."

"ಅದೇ ಮತ್ತೆ" ಎಂದು ಅವಳು ಗಂಭೀರವಾಗಿಯೇ ಹೇಳಿ ಈರುಳ್ಳಿ ಹೆಚ್ಚತೊಡಗಿದಳು. ಕೊಚ್ಚಿಕೊಳ್ಳುವ ಮಾತಲ್ಲ ಅದು. ತಾನು ಮಾಡಿದ ಕಾಲು ದೂರು ಹೊತ್ತು ವಾಪಸ್ ಬರುವುದಿಲ್ಲ ಎಂಬ ನಂಬಿಕೆ ಅವಳಿಗೆ ಗಟ್ಟಿಯಾಗಿತ್ತು, ಆಸ್ಪತ್ರೆಗೂ ಇತ್ತು.

ಟೈಲ್ಸ್ ಮೇಸ್ತ್ರಿ ಬರುವವರೆಗೆ.

ಮೇಸ್ತ್ರಿ ನಮ್ಮ ಊರಿನ ಎಷ್ಟೋ ಕಟ್ಟಡಗಳಿಗೆ ನೆಲ ಹಾಕಿದವರು. ಲಾರಿಯಿಂದ ಟೈಲ್ಸ್ ಪೆಟ್ಟಿಗೆಗಳನ್ನು ಇಳಿಸುವಾಗ ಅಟ್ಟಿ ಜಾರಿ ಎಡಗಾಲಿನ ಮೇಲೆ ಬಿತ್ತು. ಕಾಲು ಉಳಿಯಲಿಲ್ಲ, ಮೊಣಕಾಲು ಉಳಿಯಿತು. ಆಸ್ಪತ್ರೆಯ ದೊಡ್ಡ ಡಾಕ್ಟರು ಕತ್ತರಿಸಿದ ಜಾಗ ಚೆನ್ನಾಗಿ ಮಾಯ್ದ ಮೇಲೆ ಅವರನ್ನು ನನ್ನ ಹೆಂಡತಿಯ ಬಳಿ ಕಳಿಸಿದರು.

"ಈಗ ಏನು ಕೆಲಸ ಮಾಡ್ತೀರಿ?" ಎಂದು ಅವಳು ಅಚ್ಚು ತೆಗೆಯುವ ಮೊದಲು ಕೇಳಿದ್ದಳು.

"ಅಂಗಡಿಯಲ್ಲಿ ಕೂತ್ಕೊಂಡು ಗಿರಾಕಿಗಳಿಗೆ ಟೈಲ್ಸ್ ತೋರಿಸ್ತೀನಿ ಮೇಡಂ. ಒಂದಿಷ್ಟು ಓಡಾಟ, ಒಂದಿಷ್ಟು ಮೆಟ್ಟಿಲು."

ಅದಕ್ಕೆ ತಕ್ಕ ಕಾಲು ಮಾಡಿದಳು. ಮೇಸ್ತ್ರಿ ಸರಳುಗಳ ನಡುವೆ ನಡೆದರು, ಕೈಬಿಟ್ಟು ನಡೆದರು, ಕನ್ನಡಿಯಲ್ಲಿ ತಮ್ಮನ್ನು ನೋಡಿ ಕಾಲರ್ ಸರಿಮಾಡಿಕೊಂಡರು. ಎಲ್ಲ ಸರಿಯಿತ್ತು. ಸ್ವಲ್ಪ ದಿನಕ್ಕೇ ವಾಪಸ್ ಬಂದರು. ಮಂಡಿಯ ಕೆಳಗೆ, ಮುಂಭಾಗದಲ್ಲಿ ಚರ್ಮ ಕೆಂಪಗೆ ಉಜ್ಜಿಹೋಗಿತ್ತು. ಉಳಿದ ಕಾಲು ಕೂರುವ ಚಿಪ್ಪಿಗೆ ಸಾಕೆಟ್ ಎನ್ನುತ್ತಾರೆ. ಅದರ ಅಂಚನ್ನು ಅವಳು ಅರೆದು ಸರಿಮಾಡಿ ಕೊಟ್ಟಳು. ಮತ್ತೆ ಬಂದರು. ಹೊಸ ಅಚ್ಚು ತೆಗೆದು ಇಡೀ ಸಾಕೆಟ್ಟನ್ನೇ ಬದಲಾಯಿಸಿದಳು. ಮತ್ತೂ ಬಂದರು. ಈ ಸಲ ಕಾಲನ್ನು ಬಿಚ್ಚಿ ಅವಳ ಮೇಜಿನ ಮೇಲಿಟ್ಟು ಊರುಗೋಲಿಗೆ ಒರಗಿ ನಿಂತರು.

"ಎಲ್ಲಿ ನೋವು? ತೋರಿಸಿ."

"ಅಲ್ಲೇ ಮೇಡಂ."

"ಯಾವಾಗ ಬರುತ್ತೆ?"

"ಹೀಗೇ… ಆಗಾಗ."

"ನಡೀವಾಗ್ಲಾ? ಮೆಟ್ಟಿಲು ಹತ್ತುವಾಗ್ಲಾ?"

ಮೇಸ್ತ್ರಿ ನೆಲ ನೋಡಿದರು. "ಕಾಲು ಚೆನ್ನಾಗಿದೆ ಮೇಡಂ. ತುಂಬಾ ಚೆನ್ನಾಗಿದೆ. ನಂಗಲ್ಲ, ಅಷ್ಟೇ."

ಅವತ್ತು ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಬೀನ್ಸ್ ಮೇಲೆ ಸಿಟ್ಟು ತೀರಿಸಿಕೊಂಡಳು. "ಅಳತೆಯಲ್ಲಿ ಒಂದು ಕೂದಲೆಳೆಯಷ್ಟು ತಪ್ಪಿಲ್ಲ ಅತ್ತೆ. ನಾನೇ ಕೈಯಾರೆ ನೋಡಿದೀನಿ. ಆ ಮನುಷ್ಯ ಬಾಯಿಬಿಟ್ಟು ಹೇಳಲ್ಲ. ಕೇಳಿ ಕೇಳಿ ಸಾಕಾಯ್ತು ನಂಗೆ."

ಅಮ್ಮ ಕನ್ನಡಕ ಹಾಕಿಕೊಂಡು ಪುಟ ತಿರುವುತ್ತಿದ್ದಳು. ಆ ದಿನದ ಪಾಠ ಬಿಟ್ಟು ಇನ್ನೆಲ್ಲೋ ಹೋದಳು. "ಸೊಲೊಮೋನ ಪಟ್ಟಕ್ಕೆ ಬಂದ ಹೊಸದರಲ್ಲಿ ದೇವರು ಕನಸಲ್ಲಿ ಬಂದು ಏನಂದ?"

"ಏನು ಬೇಕೋ ಕೇಳು ಅಂದ."

"ಅವನೇನು ಕೇಳಿದ?"

"ಜ್ಞಾನ."

"ನಮ್ಮ ಪುಸ್ತಕದಲ್ಲಿ ಹಾಗಿದೆ. ಮೂಲ ಭಾಷೆಯಲ್ಲಿ ಇರೋದು ಬೇರೆ ಅಂತ ಹಿಂದಿನ ಅಯ್ಯನವರು ಒಂದ್ಸಲ ಹೇಳಿದ್ರು. ಕೇಳೋ ಹೃದಯ ಕೊಡು ಅಂದನಂತೆ. ದೇವರು ಕೇಳು ಅಂದ, ಇವನು ಕೇಳೋದನ್ನೇ ಕೇಳಿದ." ಅಮ್ಮ ತನ್ನ ಮಾತಿಗೆ ತಾನೇ ಖುಷಿಪಟ್ಟು ಕನ್ನಡಕ ತೆಗೆದಳು. "ಅದಾದ ತಕ್ಷಣ ಬರೋದೇ ಆ ಇಬ್ಬರು ತಾಯಂದಿರ ಜಗಳ. ಒಂದು ಮಗು, ಇಬ್ಬರೂ ನಂದು ನಂದು ಅಂತಾರೆ. ಅವನು ಇಬ್ಬರನ್ನೂ ಪೂರ್ತಿ ಮಾತಾಡೋಕೆ ಬಿಟ್ಟ. ಇವಳು ಹೀಗಂತಾಳೆ, ಅವಳು ಹಾಗಂತಾಳೆ ಅಂತ ಇಬ್ಬರ ಮಾತೂ ತಾನೇ ಒಂದ್ಸಲ ಹೇಳಿದ. ಮಗೂನ ಸೀಳಿ ಹಂಚೋಕೆ ಕತ್ತಿ ತನ್ನಿ ಅಂದಿದ್ದು ಆಮೇಲೆ."

"ನಾನೂ ಕೇಳಿದ್ನಲ್ಲ ಅತ್ತೆ. ಎಲ್ಲಿ ನೋವು, ಯಾವಾಗ ನೋವು…"

"ನೀನು ಕೇಳಿದ್ದು ಪ್ರಶ್ನೆ ಕಣಮ್ಮ. ನೀನು ಕಾಲಿನ ವಿಷಯ ಕೇಳ್ದೆ. ಅವರ ವಿಷಯ ಕೇಳ್ದಾ? ನಾನು ಎಕ್ಸ್‌ಚೇಂಜಲ್ಲಿದ್ದಾಗ ಜನ ಮೊದಲು ಹೇಳ್ತಿದ್ದಿದ್ದು ನಂಬರು. ಒಂದು ಉಸಿರು ಸುಮ್ಮನಿದ್ರೆ, ಯಾಕೆ ಫೋನ್ ಮಾಡ್ತಿದಾರೋ ಅದು ತಾನಾಗೇ ಬರ್ತಿತ್ತು."

ಹೆಂಡತಿ ಬೀನ್ಸನ್ನು ಬಾಣಲೆಗೆ ಹಾಕಿ ಬಹಳ ಹೊತ್ತು ಕೈಯಾಡಿಸುತ್ತಾ ನಿಂತಿದ್ದಳು. ಅವಳಿಗೆ ಒಂದು ಮಾತು ನಾಟಿದರೆ ಹೀಗೇ. ಮೊದಲು ಮುಖ ಸಪ್ಪಗಾಗುತ್ತದೆ, ಆಮೇಲೆ ಕೈ ಶುರುವಾಗುತ್ತದೆ.

ಭಾನುವಾರ ಆರಾಧನೆಯ ನಂತರ, ಸಭಾಪಾಲಕರನ್ನು ಆ ವಾರ ಕ್ಷೇಮವಾಗಿ ಬಿಟ್ಟು, "ಮೇಸ್ತ್ರಿ ಮನೆಗೆ ಹೋಗೋಣ ನಡೀರಿ" ಎಂದಳು.

ಮೇಸ್ತ್ರಿಯ ಮನೆ ಒಂದು ಹಳೆಯ ಕಟ್ಟಡದ ಕೆಳಗಿನ ಭಾಗ. ಬಾಗಿಲು ತೆರೆದ ಅವರ ಹೆಂಡತಿ ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡು ಒಳಗೆ ತಿರುಗಿ, "ಆಸ್ಪತ್ರೆಯವರು ಬಂದಿದಾರೆ ರೀ" ಎಂದು ಎಚ್ಚರಿಕೆ ಕೊಡುವ ದನಿಯಲ್ಲಿ ಕೂಗಿದರು.

"ಆಸ್ಪತ್ರೆಯಿಂದ ಬಂದಿಲ್ಲ ಅಕ್ಕ, ಮನೆಯಿಂದ ಬಂದ್ವಿ. ಅಳತೆ ಪಟ್ಟಿನೂ ತಂದಿಲ್ಲ" ಎಂದು ನನ್ನ ಹೆಂಡತಿ ಎರಡೂ ಕೈ ಬಿಡಿಸಿ ತೋರಿಸಿದಳು.

ಒಳಗೆ ಕಾಲಿಟ್ಟವನಿಗೆ ನಾಚಿಕೆಯಾಗಿ ಪಾದದ ಗುರುತೇನಾದರೂ ಬಿತ್ತೇ ಎಂದು ಹಿಂದೆ ನೋಡಿದೆ. ಅಂಥ ನೆಲ. ಬೇರೆ ಬೇರೆ ಕಟ್ಟಡಗಳಲ್ಲಿ ಮಿಕ್ಕ, ಒಂದಕ್ಕೊಂದು ಬಣ್ಣ ಸೇರದ ಟೈಲ್ಸ್‌ಗಳನ್ನು ಹೊಂದಿಸಿ ಬಾಗಿಲಿನಿಂದ ಕಿಟಕಿಯವರೆಗೆ ತಿಳಿಬಣ್ಣದಿಂದ ಕಡುಬಣ್ಣಕ್ಕೆ ಹರಿಸಿದ್ದರು. ಸಂದುಗಳು ಗೆರೆ ಎಳೆದಂತೆ ನೇರ.

ಮೇಸ್ತ್ರಿ ಕಾಲು ಹಾಕಿಕೊಂಡು ಬಂದು ಕೂತರು. ಕಾಫಿ ಬಂತು. ನನ್ನ ಹೆಂಡತಿ ಲೋಟ ಹಿಡಿದು ಸುಮ್ಮನೆ ಕೂತಳು. ಅವಳು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಚರ್ಚಿನಲ್ಲಿಯೂ ನಾನು ಕಂಡಿಲ್ಲ. ಮೌನ ಮೇಸ್ತ್ರಿಗೂ ಭಾರವಾಯಿತೇನೋ.

"ಈ ನೆಲ ನಾನೇ ಹಾಕಿದ್ದು" ಎಂದರು.

"ಹೇಳಿ ಮೇಸ್ತ್ರಿ" ಎಂದಳು ಅವಳು. ಮತ್ತೇನೂ ಇಲ್ಲ.

ಅವರು ಹೇಳಿದರು. ಮೊದಲು ಹಾಕಿದ್ದು ಯಾರದೋ ಬಚ್ಚಲುಮನೆಯಂತೆ, ನೀರು ಹರಿಯಬೇಕಾದ ಕಡೆ ಬಿಟ್ಟು ಬಾಗಿಲಿನತ್ತ ಹರಿದು ಬೈಸಿಕೊಂಡರಂತೆ. ಆಮೇಲೆ ಶಾಲೆಗಳು, ಅಂಗಡಿಗಳು, ದೊಡ್ಡ ಗ್ರಂಥಾಲಯದ ಹಜಾರ. ಹೇಳುತ್ತಾ ಹೋದಂತೆ ಬೆನ್ನು ನೆಟ್ಟಗಾಯಿತು. ಟೈಲ್ಸ್‌ನ ಕೆಳಗೆ ಎಲ್ಲಿಯಾದರೂ ಟೊಳ್ಳು ಉಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಬೇಕು ಎಂದರು. "ಈಗಿನ ಕೆಲಸದವರಿಗೆ ತಾಳ್ಮೆ ಇಲ್ಲ ಮೇಡಂ. ಮೊನ್ನೆ ತಾನೇ ಬಸ್ ನಿಲ್ದಾಣದಲ್ಲಿ ನಾನು ಒಂದು ಸಾಲು ಪೂರ್ತಿ ಎಬ್ಬಿಸಿ…"

ಅಲ್ಲಿಗೆ ನಿಂತರು. ಅವರ ಹೆಂಡತಿ ಬಾಗಿಲ ಬಳಿ ಕಣ್ಣು ಮುಚ್ಚಿಕೊಂಡರು.

ನನ್ನ ಹೆಂಡತಿ ಆಗಲೂ ಪ್ರಶ್ನೆ ಕೇಳಲಿಲ್ಲ. ಲೋಟ ಕೆಳಗಿಟ್ಟಳು, ಅಷ್ಟೇ.

"ಅಂಗಡಿಗೆ ಹೋಗಿದ್ದೆ ಮೇಡಂ, ಸುಳ್ಳಲ್ಲ" ಎಂದರು ಮೇಸ್ತ್ರಿ ಕೊನೆಗೆ. "ಒಂದು ವಾರ ಕೂತೆ. ಗಿರಾಕಿಗಳು ಬಂದು ಇದು ಚೆನ್ನಾಗಿದ್ಯಾ ಅದು ಚೆನ್ನಾಗಿದ್ಯಾ ಅಂತಾರೆ. ಗೋಡೆಗೆ ಒರಗಿಸಿಟ್ಟ ಟೈಲ್ಸ್ ನೋಡ್ತಾ ಕೂರೋದು ನನ್ನ ಕೈಲಾಗ್ಲಿಲ್ಲ. ಎದ್ದು ಹೋಗಿ ಕೆಲಸಕ್ಕೆ ಸೇರ್ಕೊಂಡೆ. ಮೊಣಕಾಲೂರಬಾರದು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ರು. ನಿಮಗೆ ಹೇಳಿದ್ರೆ ಅವರಿಗೆ ಗೊತ್ತಾಗುತ್ತೆ."

"ಈ ಮನುಷ್ಯ ದೇವರ ಮುಂದೆನೂ ಮೊಣಕಾಲೂರಿದವರಲ್ಲ" ಎಂದು ಅವರ ಹೆಂಡತಿಯ ಅಳು ಸಿಟ್ಟಾಗಿ ಹೊರಬಂತು. "ಟೈಲ್ಸ್ ಕಂಡ್ರೆ ಸಾಕು, ಬೆಳಿಗ್ಗೆಯಿಂದ ಸಂಜೆವರೆಗೆ!"

ನನ್ನ ಹೆಂಡತಿ ಎದ್ದಳು. "ಹೇಗೆ ಊರ್ತೀರಿ ತೋರಿಸಿ ಮೇಸ್ತ್ರಿ."

"ಈಗ ಕಾಲು ವಾಪಸ್ ತಗೊಂಡು ಹೋಗ್ತೀರಾ?"

"ಮೊದಲು ತೋರಿಸಿ ಅಂದೆ."

ಮೇಸ್ತ್ರಿ ಕುರ್ಚಿ ಹಿಡಿದು ಇಳಿದರು. ಅವಳೂ ಪಕ್ಕದಲ್ಲಿ ನೆಲಕ್ಕೆ ಕೂತು, ಬಾಗಿ, ಕೆನ್ನೆ ನೆಲಕ್ಕೆ ತಾಗುವಷ್ಟು ಕೆಳಗೆ ಹೋಗಿ ನೋಡಿದಳು. ನಮ್ಮ ಪಾದವಾದರೆ ಮೊಣಕಾಲೂರಿದಾಗ ಹಿಂದಕ್ಕೆ ಮಲಗುತ್ತದೆ. ಆ ಪಾದ ಮಲಗಲಿಲ್ಲ. ಬೆರಳ ತುದಿ ನೆಲಕ್ಕೆ ಒದ್ದು ನಿಂತು, ಇಡೀ ಕಾಲನ್ನು ಸನ್ನೆಕೋಲಿನಂತೆ ಎತ್ತಿ, ಸಾಕೆಟ್ಟಿನ ಮುಂದಿನ ಅಂಚನ್ನು ಮೂಳೆಗೆ ಒತ್ತುತ್ತಿತ್ತು. ನನ್ನಂಥ ವ್ಯಾನ್ ಡ್ರೈವರಿಗೂ ಕಾಣಿಸಿತು.

"ಇನ್ನೊಂದ್ಸಲ ಊರಿ" ಎಂದಳು. ಆಮೇಲೆ ಮತ್ತೊಂದು ಸಲ. ಕೊನೆಗೆ ಎದ್ದು ಮೊಣಕೈಯ ಧೂಳು ಕೊಡವಿಕೊಂಡು, "ನೀವು ಹೇಳಿದ್ದು ಸರಿ. ಆ ಕಾಲು ನಿಮಗಲ್ಲ. ಅಂಗಡಿಯಲ್ಲಿ ಕೂರೋರಿಗೆ ಮಾಡಿದ್ದೆ" ಎಂದಳು.

ಸೋಮವಾರ ಮೇಸ್ತ್ರಿಯನ್ನೂ ಕರೆದುಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಡಾಕ್ಟರು ಸಿಟ್ಟಾದರು. ಅವರ ಸಿಟ್ಟಿಗೆ ಕಾರಣವಿತ್ತು. ಆ ಚರ್ಮ ಒಡೆದು ಹುಣ್ಣಾಗಿ ಮೂಳೆಗೆ ಇಳಿದರೆ ಉಳಿಸಿದ ಮೊಣಕಾಲೂ ಹೋಗುತ್ತದೆ. "ಅದನ್ನ ಉಳಿಸೋಕೆ ನಾನು ಎಷ್ಟು ಒದ್ದಾಡಿದೀನಿ ಗೊತ್ತೇನ್ರೀ? ಕೂತು ಮಾಡೋ ಕೆಲಸ ಸಿಕ್ಕಿತ್ತಲ್ಲ!"

ಮೇಸ್ತ್ರಿ ತಲೆ ತಗ್ಗಿಸಿದರು. ನನ್ನ ಹೆಂಡತಿ, "ಸಿಕ್ಕಿತ್ತು ಸರ್. ಕೂರಿಸೋದು ನಮ್ಮೆಲ್ಲರಿಗೂ ಸುಲಭ" ಎಂದಳು. "ಇವರು ಹೇಗೂ ಊರೋದು ಬಿಡಲ್ಲ. ಕದ್ದು ಊರ್ತಾರೆ. ಚರ್ಮ ಒಡೀದ ಹಾಗೆ ಊರೋ ಕಾಲು ಮಾಡೋಣ. ಕೆಲಸಕ್ಕೇ ಬೇರೆ ಕಾಲು. ನೀವು ನೋಡಿ ಒಪ್ಪಿದ ಮೇಲೆ ಹೊರಗೆ ಹೋಗಲಿ."

ಡಾಕ್ಟರು ಜೇಬಿನಿಂದ ಪೆನ್ನು ತೆಗೆದರು. ಉಳಿದ ಕಾಲಿನ ಮೂಳೆ ಎಲ್ಲಿ ಚೂಪಾಗಿದೆ, ಎಲ್ಲಿ ಮಾಂಸ ಭಾರ ತಡೆಯುತ್ತದೆ, ಎಲ್ಲಿ ಎಳ್ಳಷ್ಟೂ ಒತ್ತಬಾರದು ಎಂದು ಮೇಸ್ತ್ರಿಯ ಚರ್ಮದ ಮೇಲೆಯೇ ಗೆರೆ ಎಳೆದು ತೋರಿಸಿದರು. "ಪ್ರತಿದಿನ ಸಂಜೆ ಕನ್ನಡಿ ಹಿಡಿದು ನೋಡ್ಕೋಬೇಕು. ಕೆಂಪು ಕಂಡ್ರೆ ಮಾರನೇ ದಿನ ಕೆಲಸ ಇಲ್ಲ. ಇನ್ನು ನನ್ನ ಹತ್ರ ಮುಚ್ಚಿಟ್ಟರೆ ಇವರು ಮಾಡಿದ ಕಾಲನ್ನ ನಾನೇ ಬೀಗ ಹಾಕಿ ಇಟ್ಕೋತೀನಿ."

"ಆಯ್ತು ಸರ್" ಎಂದರು ಮೇಸ್ತ್ರಿ ಶಾಲೆಯ ಮಗುವಿನಂತೆ.

ಆ ಕಾಲು ಸುಲಭಕ್ಕೆ ಆಗಲಿಲ್ಲ. ಸಾಕೆಟ್ಟಿನ ಮುಂದಿನ ಅಂಚನ್ನು ತಗ್ಗಿಸಿದರೆ ನಡೆಯುವಾಗ ಕಾಲು ಜಾರಿತು. ಒಳಗೆ ದಪ್ಪ ಮೆತ್ತೆ ಇಟ್ಟರೆ ಬೆವರಿ ಬೆಂದಂತಾಯಿತು. ಹಿಂದಕ್ಕೆ ಮಲಗುವ ಒಂದು ಪಾದವನ್ನು ಹುಡುಕಿ ಜೋಡಿಸಿದಳು. ಮೇಸ್ತ್ರಿ ಎದ್ದು ನಿಂತ ಕೂಡಲೇ ಅದು ಮಲಗಿಬಿಟ್ಟು ಅವರು ಕನ್ನಡಿಗೆ ಹಣೆ ಕುಟ್ಟಿಕೊಂಡರು. "ನಂಗಿಂತ ಇದಕ್ಕೇ ಭಕ್ತಿ ಜಾಸ್ತಿ" ಎಂದು ಹಣೆ ಉಜ್ಜಿಕೊಂಡು ನಕ್ಕರು. ಅವಳು ನಗಲಿಲ್ಲ. ಮನೆಗೆ ಬಂದು ಅಡುಗೆಮನೆಯ ನೆಲದಲ್ಲಿ ಮೊಣಕಾಲೂರಿ ಅತ್ತ ಇತ್ತ ಸರಿದಳು, ಕೈ ಚಾಚಿ ದೂರದ ಟೈಲ್ಸ್ ಮುಟ್ಟಿದಳು, ಭಾರ ಎಲ್ಲಿ ಬೀಳುತ್ತದೆಂದು ತನ್ನದೇ ಕಾಲು ಒತ್ತಿ ನೋಡಿಕೊಂಡಳು. ಅಮ್ಮ ನೀರು ಕುಡಿಯಲು ಬಂದವಳು ಬಾಗಿಲಲ್ಲೇ ನಿಂತಳು.

"ಇವತ್ತೇನಮ್ಮ ಇಷ್ಟು ದೀರ್ಘ ಪ್ರಾರ್ಥನೆ?"

"ಇದೂ ಅದೇ ಅಂದ್ಕೊಳ್ಳಿ ಅತ್ತೆ" ಎಂದಳು ಅವಳು ಏಳದೆ. ಅಮ್ಮ ಮತ್ತೆ ತಮಾಷೆ ಮಾಡಲಿಲ್ಲ. ಸದ್ದಾಗದಂತೆ ಲೋಟವಿಟ್ಟು ಹೋದಳು.

ಕೊನೆಗೆ ಹೊಳೆದದ್ದು ಹೀಗೆ: ಪಾದ ಮಲಗಬೇಕಾಗಿರಲಿಲ್ಲ, ಗಿಡ್ಡವಾಗಿದ್ದರೆ ಸಾಕಿತ್ತು. ಬೆರಳಿನ ಭಾಗವನ್ನು ಕತ್ತರಿಸಿ ಮುಂಭಾಗವನ್ನು ದುಂಡಗೆ ಮಾಡಿದಳು. ಈಗ ನೆಲಕ್ಕೆ ಒದೆಯಲು ಅಲ್ಲಿ ಏನೂ ಇರಲಿಲ್ಲ. ಮೊಣಕಾಲೂರಿದಾಗ ಭಾರ ಬೀಳಲು ಸಾಕೆಟ್ಟಿನ ಹೊರಗೆ, ಡಾಕ್ಟರು ಒಪ್ಪಿದ ಜಾಗದಲ್ಲಿ, ಅಗಲವಾದ ರಬ್ಬರ್ ದಿಂಬು ಕೂರಿಸಿದಳು. ನೋಡಲು ಕಾಲಿನಂತಿರಲಿಲ್ಲ. ಅವಳು ಮಾಡಿದ ಕಾಲುಗಳಲ್ಲೇ ಕುರೂಪಿ. ಮೇಸ್ತ್ರಿ ಅದನ್ನು ಹಾಕಿಕೊಂಡು ವರ್ಕ್‌ಶಾಪಿನ ನೆಲದಲ್ಲಿ ಮೊಣಕಾಲೂರಿದರು, ಸರಿದರು, ತಿರುಗಿದರು, ಮೇಜಿನ ಕೆಳಗೆ ಹೋಗಿ ಆ ಕಡೆಯಿಂದ ಬಂದರು. ಬಹಳ ಹೊತ್ತು ಏಳಲೇ ಇಲ್ಲ. ಡಾಕ್ಟರು ಬಂದು ಕಾಲು ಬಿಚ್ಚಿಸಿ, ಬೆರಳಿನಿಂದ ಚರ್ಮ ಒತ್ತಿ ನೋಡಿ, "ಹೂಂ" ಎಂದರು. ಅವರ ಹೂಂ ಎಂದರೆ ಬೇರೆಯವರ ಚಪ್ಪಾಳೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಮೇಸ್ತ್ರಿಯ ಫೋನ್ ಬಂತು. ಬಸ್ ನಿಲ್ದಾಣದ ಹೊಸ ಹಜಾರಕ್ಕೆ ನೆಲ ಹಾಕುತ್ತಿದ್ದೇವೆ, ನಿಮ್ಮ ಊಟದ ಬಿಡುವಿನಲ್ಲಿ ಬಂದು ಹೋಗಿ ಎಂದು. ನಾನೂ ಅವಳೂ ವ್ಯಾನಿನಲ್ಲಿ ಹೋದೆವು.

ಹಜಾರಕ್ಕೆ ಇನ್ನೂ ಪ್ರಯಾಣಿಕರನ್ನು ಬಿಟ್ಟಿರಲಿಲ್ಲ, ಎತ್ತರದ ಕಿಟಕಿಗಳಿಂದ ಬೆಳಕು ಬೀಳುತ್ತಿತ್ತು. ಮುಕ್ಕಾಲು ಭಾಗ ನೆಲ ಆಗಿತ್ತು. ಹಸಿರು, ಬೂದು ಬಣ್ಣದ ಟೈಲ್ಸ್‌ಗಳು ಬಾಗಿಲುಗಳಿಂದ ಹೊರಟು, ನಡುವೆ ಸೇರಿ, ಒಂದು ದೊಡ್ಡ ಸುತ್ತು ಸುತ್ತಿ ಮತ್ತೆ ಬೇರೆಯಾಗಿದ್ದವು. ಆ ಸುತ್ತಿನ ಕೊನೆಯಲ್ಲಿ ಮೇಸ್ತ್ರಿ ಎರಡೂ ಮೊಣಕಾಲೂರಿ, ಒಂದು ಟೈಲ್ಸನ್ನು ಮಗುವನ್ನು ಮಲಗಿಸುವಂತೆ ಇಳಿಸುತ್ತಿದ್ದರು. ಸುತ್ತಲಿನ ಕೆಲಸದವರು ಅವರ ಕೈ ನೋಡುತ್ತಿದ್ದರು. ಯಾರೂ ಅವರ ಕಾಲು ನೋಡುತ್ತಿರಲಿಲ್ಲ.

ಒಬ್ಬಳನ್ನು ಬಿಟ್ಟು. ನನ್ನ ಹೆಂಡತಿ ನೇರವಾಗಿ ಹೋಗಿ ಅವರ ಹಿಂದೆ ಕುಕ್ಕರುಗಾಲಲ್ಲಿ ಕೂತು ರಬ್ಬರ್ ದಿಂಬಿನ ಸವಕಲು ಪರೀಕ್ಷಿಸತೊಡಗಿದಳು.

"ಮೇಡಂ, ನೆಲ ನೋಡಿ ಅಂತ ಕರೆದೆ" ಎಂದರು ಮೇಸ್ತ್ರಿ ತಿರುಗದೆ.

"ನೋಡ್ತೀನಿ. ಮೊದಲು ಕಾಲು ತೋರಿಸಿ."

"ಕಾಲು ಎಲ್ಲಿ ಹೋಗುತ್ತೆ? ಬಿಸಿಲು ಸರಿಯೋ ಮೊದಲು ನೆಲ ನೋಡಿ ಮೇಡಂ."

"ಚರ್ಮ ಕೆಂಪಾಗಿದ್ರೆ ನಾಳೆ ನೆಲಾನೂ ಇಲ್ಲ, ಗಿಲಾನೂ ಇಲ್ಲ. ಬಿಚ್ಚಿ."

ಬಿಚ್ಚಿದರು. ಚರ್ಮ ಅಂಗೈಯಷ್ಟು ಚೊಕ್ಕವಾಗಿತ್ತು. ಅವಳು ಅದನ್ನು ಎರಡು ಸಲ ಒತ್ತಿ ನೋಡಿದಳು. ಏಳುವಾಗ ಅವಳ ಮುಖ ಹೇಗಿತ್ತೆಂದರೆ, ಹೊರಗೆ ಬಸ್ಸಿಗೆ ಕಾದಿದ್ದ ಜನರನ್ನೆಲ್ಲ ಕರೆದು ತೋರಿಸೋಣ ಎನ್ನಿಸಿತು ನನಗೆ. ಆಮೇಲೆ ಅವಳು ತಲೆಯೆತ್ತಿ ಆ ನೆಲವನ್ನು ನೋಡಿದಳು. ನೋಡುತ್ತಾ ನೋಡುತ್ತಾ ಸುತ್ತಿನ ನಡುವಿಗೆ ಹೋಗಲು ಹೆಜ್ಜೆಯೆತ್ತಿದಳು.

"ಅಲ್ಲಿ ಕಾಲಿಡಬೇಡಿ ಮೇಡಂ! ಹಸಿ ಇದೆ!" ಎಂದು ಮೇಸ್ತ್ರಿ ಇಡೀ ಹಜಾರ ನಡುಗುವಂತೆ ಅಬ್ಬರಿಸಿದರು.

ಯಾರ ಮಾತಿಗೂ ಸೊಪ್ಪು ಹಾಕದ ನನ್ನ ಹೆಂಡತಿ, ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತಳು. ನಾನು ಹೋಗಿ ಕೈ ಕೊಡುವವರೆಗೂ ಹಾಗೆಯೇ, ಒಂಟಿಕಾಲಲ್ಲಿ, ನಗು ತಡೆಯಲಾರದೆ.